ನನ್ನ ಉಮೇದವಾರಿ

ಕಳೆದ ಬೇಸಿಗೆಯ ರಜೆಯಲ್ಲಿ ನಾನು ಎಂಟು ವಾರ ಬೆಂಗಳೂರಿನ ಒಂದು ಕಚೇರಿಯಲ್ಲಿ ಕೆಲಸ ಮಾಡಿದೆ. ಆ ಕಚೇರಿಯ ಬಾಗಿಲು ಪೂರ್ವಕ್ಕಿದೆಯೋ ಪಶ್ಚಿಮಕ್ಕಿದೆಯೋ ನಾನರಿಯೆ. ಅಲ್ಲಿ ಎಷ್ಟು ಕುರ್ಚಿಗಳಿವೆ, ಮಧ್ಯಾಹ್ನ ಚಹಾ ತಂದುಕೊಡುವ ಹುಡುಗನಿದ್ದಾನೆಯೋ ಇಲ್ಲವೋ, ಅದೂ ತಿಳಿಯದು. ಕಚೇರಿಯ ಮಾತಿರಲಿ, ಬೆಂಗಳೂರನ್ನೇ ನಾನು ಇದುವರೆಗೆ ಕಂಡವಳಲ್ಲ. ಆದರೂ ದಿನವೂ ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಹಾಜರಿರುತ್ತಿದ್ದೆ. ಒಂದು ದಿನ ಹತ್ತು ನಿಮಿಷ ತಡವಾದುದಕ್ಕೆ ಕ್ಷಮೆಯನ್ನೂ ಬೇಡಿದ್ದೆ. ಈ ಚಮತ್ಕಾರಕ್ಕೆ 'ರಿಮೋಟ್ ಇಂಟರ್ನ್‌ಶಿಪ್' ಎಂದು ಹೆಸರು.

ಈ ಹೆಸರನ್ನು ನಮ್ಮ ಅಜ್ಜನಿಗೆ ತಿಳಿಯಹೇಳುವುದು ನನ್ನ ಮೊದಲ ಪರೀಕ್ಷೆಯಾಯಿತು. ಅವನು ಎಲ್ಲವನ್ನೂ ಸಮಾಧಾನದಿಂದ ಕೇಳಿಕೊಂಡು, "ಪಗಾರ ಎಷ್ಟು ತಂಗೀ?" ಎಂದ. ಪಗಾರವಿಲ್ಲ, ಕೊನೆಗೆ ಒಂದು ಪ್ರಮಾಣಪತ್ರ ಕೊಡುತ್ತಾರೆ ಎಂದೆ. ಅಜ್ಜನ ಮುಖ ಬೆಳಗಿತು. "ಹಂಗನ್ನು! ನಮ್ಮ ಕಾಲದಾಗ ಕಚೇರಿಯೊಳಗ ಉಮೇದವಾರಿ ಮಾಡತಿದ್ರಲ್ಲ, ಅದs ಇದು. ಬರಿ ಉಮೇದಿ ಮ್ಯಾಲೆ ದುಡಿಯೂದು!" ಎಂದು ನಕ್ಕುಬಿಟ್ಟ. ನನ್ನ ಇಂಗ್ಲಿಷ್ ಪದದ ಬೆಡಗೆಲ್ಲ ಒಂದು ಗಳಿಗೆಯಲ್ಲಿ ಇಳಿದುಹೋಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಅದು ಉಮೇದವಾರಿಯೇ ಆಯಿತು. ಈ ಲೇಖನಕ್ಕೂ ಅದನ್ನೇ ಹೆಸರಾಗಿ ಇಟ್ಟುಕೊಂಡಿದ್ದೇನೆ.

ನಮ್ಮದು ಇಳಕಲ್ಲಿನ ನೇಕಾರರ ಮನೆ. ಪಡಸಾಲೆಯಲ್ಲಿ ಕುಣಿಮಗ್ಗ, ಅದರ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತು ಅವ್ವ ನೇಯುತ್ತಾಳೆ. ಅಪ್ಪ ನೂಲು ತರುವುದು, ಹಾಸು ಹೂಡುವುದು, ಸೀರೆ ಒಯ್ದು ಕೊಡುವುದು ಇತ್ಯಾದಿ ಹೊರಗಿನ ವ್ಯವಹಾರ ನೋಡಿಕೊಳ್ಳುತ್ತಾನೆ. ನಾನು ಕಂಡಿಕೆ ಸುತ್ತುತ್ತ ಸುತ್ತುತ್ತಲೇ ಹತ್ತನೆಯ ತರಗತಿಯವರೆಗೆ ಓದಿದವಳು. ಮೊಬೈಲಿನ ಸಿಗ್ನಲ್ ಚೆನ್ನಾಗಿ ಸಿಕ್ಕುವುದು ಮಾಳಿಗೆಯ ಮೇಲೆ. ಆದರೆ ಬೇಸಿಗೆಯ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಕುಳಿತವರಿಗೆ ಜ್ಞಾನಕ್ಕಿಂತ ಮೊದಲು ಜ್ವರ ಬರುತ್ತದೆ. ಆದ್ದರಿಂದ ಪಡಸಾಲೆಯ ಕಿಟಕಿಯ ಬಳಿ, ಮಗ್ಗಕ್ಕೆ ಬೆನ್ನುಮಾಡಿ, ಅಕ್ಕನಿಂದ ಎರವಲು ತಂದ ಲ್ಯಾಪ್‌ಟಾಪನ್ನು ಹಿಟ್ಟಿನ ಡಬ್ಬಿಯ ಮೇಲೆ ಇಟ್ಟುಕೊಂಡು ನನ್ನ ಕಚೇರಿ ಹೂಡಿದೆ.

ಮೊದಲನೆಯ ದಿನವೇ ಒಂದು ಪ್ರಸಂಗ ನಡೆಯಿತು. ಪರದೆಯ ಮೇಲೆ ಆರೇಳು ಮುಖಗಳು ಚೌಕ ಚೌಕವಾಗಿ ಕಾಣಿಸಿಕೊಂಡವು. ಒಬ್ಬೊಬ್ಬರೂ ತಮ್ಮ ಪರಿಚಯ ಹೇಳಬೇಕು. ನನ್ನ ಸರದಿ ಬಂದಾಗ ಹಿಂದಿನಿಂದ ಅವ್ವನ ಮಗ್ಗ ಲಟಕ್ ಪಟಕ್ ಎನ್ನತೊಡಗಿತು. "ಅದೇನು ಸದ್ದು?" ಎಂದು ನಮ್ಮ ಮೇಲ್ವಿಚಾರಕಿ ಕೇಳಿದರು. "ಪಕ್ಕದ ಮನೆಯಲ್ಲಿ ಏನೋ ಕೆಲಸ ನಡೆದಿದೆ, ಮೇಡಂ" ಎಂದೆ. ಏತಕ್ಕೆ ಹಾಗೆ ಹೇಳಿದೆನೋ! ಯಾರೂ ನನ್ನನ್ನು ಹೀಗಳೆದಿರಲಿಲ್ಲ. ಆ ಚೌಕಗಳಲ್ಲಿ ಕಂಡ ಬಿಳಿಗೋಡೆಗಳು, ಪುಸ್ತಕದ ಕಪಾಟುಗಳು, ಅಷ್ಟೇ ಸಾಕಾಗಿತ್ತು. "ಹಾಗಾದರೆ ಮ್ಯೂಟ್ ಮಾಡಿಕೊಳ್ಳಿ" ಎಂದರು. ಒಂದು ಗುಂಡಿ ಒತ್ತಿದೆ. ಮಗ್ಗ ಬೆಂಗಳೂರಿನವರ ಪಾಲಿಗೆ ಮೂಕವಾಯಿತು. ಅವ್ವನಿಗೆ ಇದಾವುದೂ ತಿಳಿಯಲಿಲ್ಲ. ಅವಳು ನೇಯುತ್ತಲೇ ಇದ್ದಳು.

ಇನ್ನು ಕಲಿತ ವಿದ್ಯೆಯ ಮಾತು. ಡಿಜಿಟಲ್ ಮಾರ್ಕೆಟಿಂಗ್ ಎಂದರೆ ದಿನವೆಲ್ಲ ಇನ್‌ಸ್ಟಾಗ್ರಾಂ ನೋಡುವುದು ಎಂದು ನನ್ನ ಗೆಳತಿಯರಂತೆ ನಾನೂ ತಿಳಿದಿದ್ದೆ. ಅದು ಹಾಗಲ್ಲ. ಸಂತೆಯಲ್ಲಿ ಕಾಯಿಪಲ್ಯ ಮಾರುವವಳು ಗಿರಾಕಿಯ ಮುಖ ನೋಡಿ ಕೂಗುತ್ತಾಳೆ. ಇಲ್ಲಿ ಗಿರಾಕಿಯ ಮುಖವಿಲ್ಲ. ಅವನು ಗೂಗಲಿನ ಹುಡುಕುವ ಪೆಟ್ಟಿಗೆಯಲ್ಲಿ ಬರೆದ ಎರಡು ಮೂರು ಶಬ್ದಗಳಿವೆ, ಅಷ್ಟೆ. ಆ ಶಬ್ದಗಳಿಂದಲೇ ಅವನ ಮನಸ್ಸನ್ನು ಊಹಿಸಬೇಕು. ಇವಕ್ಕೆ ಕೀವರ್ಡ್ ಎನ್ನುತ್ತಾರೆ. ಜಾಹೀರಾತಿನ ಒಂದು ತಲೆಬರಹಕ್ಕೆ 30 ಅಕ್ಷರಗಳ ಮಿತಿ, ವಿವರಣೆಗೆ 90. ಮೂರು ಗಂಟೆಯ ಪರೀಕ್ಷೆಯಲ್ಲಿ ಪುರವಣಿಯ ಮೇಲೆ ಪುರವಣಿ ಕಟ್ಟಿಸಿಕೊಂಡು ಬರೆಯುವ ನಮ್ಮಂಥವರಿಗೆ ಇದು ಎಂಥ ಶಿಕ್ಷೆ ಎಂಬುದನ್ನು ವಾಚಕರೇ ಊಹಿಸಿಕೊಳ್ಳಲಿ. ಮೊದಲ ವಾರ ನಾನು ಬರೆದ ತಲೆಬರಹಗಳೆಲ್ಲ ನಡುವಿನಲ್ಲೇ ಕತ್ತರಿಸಿ ಬೀಳುತ್ತಿದ್ದವು.

ಯಾರಾದರೂ ಹುಡುಕಿದ ಆ ಕ್ಷಣದಲ್ಲಿಯೇ, ಯಾರ ಜಾಹೀರಾತು ಮೇಲೆ ಬರಬೇಕೆಂಬುದಕ್ಕೆ ಒಂದು ಲಿಲಾವು ನಡೆಯುತ್ತದೆಯಂತೆ. ನಮ್ಮ ಮಾರುಕಟ್ಟೆಯ ಲಿಲಾವಿನಲ್ಲಿ ಹೆಚ್ಚು ಕೂಗಿದವನಿಗೇ ಮಾಲು. ಇಲ್ಲಿ ಹಾಗಲ್ಲ, ಎಷ್ಟು ಹಣ ಕೂಗಿದರು ಎಂಬುದರ ಜೊತೆಗೆ, ಹುಡುಕಿದ ಮಾತಿಗೂ ಜಾಹೀರಾತಿಗೂ ಎಷ್ಟು ಹೊಂದಿಕೆಯಿದೆ, ಒತ್ತಿ ಒಳಗೆ ಹೋದವರಿಗೆ ಸಿಗುವ ಪುಟ ಎಂಥದು ಎಂಬುದನ್ನೂ ತೂಗಿ ನೋಡುತ್ತಾರೆ. ಜಾಹೀರಾತು ಬರಿಯ ಕಣ್ಣಿಗೆ ಬಿದ್ದರೆ ಅದು ಇಂಪ್ರೆಶನ್, ಒತ್ತಿದರೆ ಕ್ಲಿಕ್. ಇಂಥ ಹುಡುಕಾಟದ ಜಾಹೀರಾತಿನಲ್ಲಿ ಸಾಮಾನ್ಯವಾಗಿ ಹಣ ತೆರಬೇಕಾದದ್ದು ಕ್ಲಿಕ್ಕಿಗೆ. ನೋಡಿದವರಲ್ಲಿ ಶೇಕಡಾ ಎಷ್ಟು ಜನ ಒತ್ತಿದರು ಎಂಬ ಲೆಕ್ಕವೇ ನಮ್ಮ ಅಂಕಪಟ್ಟಿ.

ಮೂರನೆಯ ವಾರದಲ್ಲಿ ಸೀರೆಯ ವ್ಯಾಪಾರಿಯೊಬ್ಬರ ಕೆಲಸ ಕಚೇರಿಗೆ ಬಂದಿತು. ಅವರು ಇತರ ಸೀರೆಗಳೊಂದಿಗೆ ಇಳಕಲ್ ಸೀರೆಯನ್ನೂ ಮಾರುತ್ತಿದ್ದರು. "ನೀವು ಆ ಕಡೆಯವರಲ್ಲವೆ? ಇದನ್ನು ನೀವೇ ನೋಡಿಕೊಳ್ಳಿ" ಎಂದು ಮೇಲ್ವಿಚಾರಕಿ ನನಗೆ ಒಪ್ಪಿಸಿದರು. ನನ್ನ ಹಿಗ್ಗಿಗೆ ಮಿತಿಯೇ ಇರಲಿಲ್ಲ.

ಜನರು ನಿಜವಾಗಿ ಏನೇನು ಬರೆದು ಹುಡುಕಿದರು ಎಂಬುದರ ಪಟ್ಟಿಯೊಂದು ದೊರೆಯುತ್ತದೆ. ಅದನ್ನು ತೆರೆದು ನೋಡಿದರೆ ನಮ್ಮ ಊರಿನ ಹೆಸರು ಒಂದೇ ರೂಪದಲ್ಲಿಲ್ಲ! ಇಳಕಲ್, ಇಲ್ಕಲ್, ಇಳಕಲ್ಲ, ಇಲಕಲ್ — ಒಬ್ಬೊಬ್ಬರ ಕೈಯಲ್ಲಿ ಒಂದೊಂದು ರೂಪ. ಅವುಗಳ ನಡುವೆ 'ಇರಕಲ್' ಎಂಬುದೂ ಮತ್ತೆ ಮತ್ತೆ ಕಾಣಿಸಿತು. ಯಾರೋ ತಪ್ಪು ಬರೆದಿದ್ದಾರೆಂದು ನಾನು ಅದನ್ನು ಅಳಿಸಹೋದಾಗ ಅಜ್ಜ ತಡೆದ. "ಅಳಿಸಬ್ಯಾಡ. ಮರಾಠಿ ಮಂದಿ ನಮ್ಮ ಸೀರಿಗೆ ಇರಕಲ್ ಅಂತಾರ. ಸೋಲಾಪುರದ ಸಾವಕಾರ ಹಂಗs ಕೇಳತಿದ್ದ" ಎಂದ. ಮಹಾರಾಷ್ಟ್ರದ ಹೆಣ್ಣುಮಕ್ಕಳು ತಲೆಮಾರುಗಳಿಂದ ಉಡುತ್ತ ಬಂದ ಸೀರೆ ಅದು. ಅವರ ಬಾಯಲ್ಲಿ 'ಳ' 'ರ' ಆಗಿದೆ. ಆ ಒಂದು ಶಬ್ದವನ್ನು ಸೇರಿಸಿದ ಮೇಲೆ ಪುಣೆ, ಕೊಲ್ಲಾಪುರಗಳ ಕಡೆಯಿಂದ ಕ್ಲಿಕ್ಕುಗಳು ಬರತೊಡಗಿದವು. ನಮ್ಮ ಕಚೇರಿಯ ಯಂತ್ರಕ್ಕೆ ತಿಳಿಯದಿದ್ದುದು ಎಂಬತ್ತು ದಾಟಿದ ಅಜ್ಜನಿಗೆ ತಿಳಿದಿತ್ತು.

ಅದೇ ಪಟ್ಟಿಯಲ್ಲಿ ಇನ್ನೊಂದು ವಿನೋದ. ನಮ್ಮ ಜಾಹೀರಾತನ್ನು ಒತ್ತಿದವರಲ್ಲಿ ಹಲವರಿಗೆ ಸೀರೆ ಬೇಕಾಗಿಯೇ ಇರಲಿಲ್ಲ. ಅವರು ಮನೆ ಕಟ್ಟಿಸುವವರು! ಇಳಕಲ್ಲಿನ ಕೆಂಪು ಗ್ರಾನೈಟ್ ಕಲ್ಲು ಸೀರೆಯಷ್ಟೇ ಪ್ರಸಿದ್ಧ. ನೆಲಕ್ಕೆ ಹಾಸುವ ಕಲ್ಲು ಹುಡುಕಿ ಬಂದವರಿಗೆ ನಾವು ಸೆರಗು ತೋರಿಸುತ್ತಿದ್ದೆವು, ಪ್ರತಿಯೊಂದು ಒತ್ತಿಗೂ ವ್ಯಾಪಾರಿ ಹಣ ತೆರುತ್ತಿದ್ದ. ಇಂಥ ಶಬ್ದಗಳನ್ನು ಹೊರಗಿಡಲು ನೆಗೆಟಿವ್ ಕೀವರ್ಡ್ ಎಂಬ ಏರ್ಪಾಡಿದೆ. ಗ್ರಾನೈಟ್, ಕಲ್ಲು, ಟೈಲ್ಸ್ ಮುಂತಾದವನ್ನು ಅದರಲ್ಲಿ ಹಾಕಿದೆ. ಖರ್ಚು ಇಳಿಯಿತು. ಮೇಲ್ವಿಚಾರಕಿ ಎಲ್ಲರೆದುರು ನನ್ನನ್ನು ಹೊಗಳಿದರು.

ಇಲ್ಲಿಯವರೆಗೆ ಹೇಳಿದುದು ನನ್ನ ಜಾಣತನ. ಇನ್ನು ಮುಂದಿನದನ್ನು ಬರೆಯಲು ಸಂಕೋಚವಾಗುತ್ತದೆ. ಆದರೆ ಅದನ್ನು ಬಿಟ್ಟರೆ ಈ ಲೇಖನಕ್ಕೆ ಅರ್ಥವಿಲ್ಲ.

ಎರಡು ತಲೆಬರಹಗಳನ್ನು ಒಟ್ಟಿಗೆ ಬಿಟ್ಟು, ಯಾವುದಕ್ಕೆ ಹೆಚ್ಚು ಕ್ಲಿಕ್ ಬರುತ್ತದೆಂದು ನೋಡುವ ಪರೀಕ್ಷೆಯೊಂದಿದೆ. ಒಂದು, 'ಇಳಕಲ್ ಸೀರೆಗಳು'. ಇನ್ನೊಂದಕ್ಕೆ 'ಕೈಮಗ್ಗ' ಎಂಬ ಶಬ್ದ ಸೇರಿಸಿ ನೋಡಿ ಎಂದು ಮೇಲ್ವಿಚಾರಕಿ ಸೂಚಿಸಿದರು. ವ್ಯಾಪಾರಿ ಕಳಿಸಿದ ಸಾಮಾನಿನ ಪಟ್ಟಿ ನನ್ನ ಮುಂದೆಯೇ ಇತ್ತು. ಬಣ್ಣ, ಅಳತೆ, ಬೆಲೆಗಳ ಪಕ್ಕದ ಅಂಕಣದಲ್ಲಿ, ಒಂದು ಸೀರೆಗೂ ತಪ್ಪದೆ, 'ಪವರ್‌ಲೂಮ್' ಎಂದು ಬರೆದಿತ್ತು. ನಾನು ಅದನ್ನು ನೋಡಿದೆ. ನೋಡಲಿಲ್ಲವೆಂದು ಹೇಳಿದರೆ ಅದು ಮತ್ತೊಂದು ಸುಳ್ಳಾದೀತು. ನೋಡಿಯೂ 'ಅಸಲಿ ಕೈಮಗ್ಗದ ಇಳಕಲ್' ಎಂದು ಬರೆದೆ. 'ಅಸಲಿ' ಎಂಬುದನ್ನು ಯಾರೂ ಹೇಳಿರಲಿಲ್ಲ; ಅದು ನನ್ನ ಸ್ವಂತ ಕಾಣಿಕೆ.

ನಾಲ್ಕು ದಿನಗಳಲ್ಲಿ ಎರಡನೆಯ ತಲೆಬರಹ ಮೊದಲನೆಯದನ್ನು ಹಿಂದೆ ಹಾಕಿತು. ಕಚೇರಿಯ ವಾಟ್ಸಾಪ್ ಗುಂಪಿನಲ್ಲಿ ನನ್ನ ಹೆಸರಿನ ಮುಂದೆ ಚಪ್ಪಾಳೆಯ ಚಿತ್ರಗಳು ಸಾಲುಗಟ್ಟಿದವು. ನಾನು ಹಿಗ್ಗಿನಿಂದ ಲ್ಯಾಪ್‌ಟಾಪನ್ನೇ ಎತ್ತಿಕೊಂಡು ಮಗ್ಗದ ಬಳಿಗೆ ಹೋದೆ.

"ಅವ್ವಾ, ನೋಡಿಲ್ಲೆ, ನಾ ಬರದದ್ದು."

ಅವ್ವ ಲಾಳಿ ನಿಲ್ಲಿಸಿ, ಸೆರಗಿನಿಂದ ಕೈ ಒರೆಸಿಕೊಂಡು, ಪರದೆಯ ಮೇಲಿನ ಸೀರೆಯ ಚಿತ್ರವನ್ನು ನೋಡಿದಳು. "ಇಂಗ್ಲಿಷ್ ನನಗೆಲ್ಲಿ ಬರತೈತಿ. ಏನಂತ ಐತಿ, ಓದಿ ಹೇಳು."

ಓದಿ ಹೇಳಿದೆ. ಅವ್ವ ಸುಮ್ಮನೆ ಬೆಲೆಯ ಕಡೆಗೆ ಬೆರಳು ತೋರಿಸಿದಳು. ಅಂಕಿ ಅವಳಿಗೆ ಚೆನ್ನಾಗಿ ಬರುತ್ತದೆ.

"ಇದರಾಗ ನೂಲಿಂದs ರೊಕ್ಕ ಹುಟ್ಟಂಗಿಲ್ಲ. ಈ ರೇಟಿಗೆ ಕೈಮಗ್ಗದ ಸೀರಿ ಹೆಂಗ ಬರತೈತಿ ಯವ್ವಾ?"

"ಅದು ಪವರ್‌ಲೂಮಿಂದು. ಹಂಗ ಬರದ್ರ ಮಂದಿ ಜಾಸ್ತಿ ನೋಡತಾರ."

ಅವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಬೈಯದೆ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು: "ಅದು ಅಸಲಿ ಕೈಮಗ್ಗ ಆದ್ರ, ನಾ ನೇಯೂದು ಏನು?"

ನನ್ನ ಬಳಿ ಉತ್ತರವಿರಲಿಲ್ಲ. ಅವಳು ಮತ್ತೆ ಲಾಳಿ ಹಿಡಿದಳು. ನಾನು ಲ್ಯಾಪ್‌ಟಾಪು ಹಿಡಿದುಕೊಂಡು ಬಹಳ ಹೊತ್ತು ಅಲ್ಲಿಯೇ ನಿಂತಿದ್ದೆ.

ಇಳಕಲ್ ಸೀರೆಯ ವಿಚಾರ ತಿಳಿಯದ ಮಿತ್ರರಿಗಾಗಿ ಎರಡು ಮಾತು ಹೇಳುವುದು ಅವಶ್ಯ. ಬೇರೆ ಕಡೆ ಒಮ್ಮೆ ಉದ್ದನೆಯ ಹಾಸು ಹೂಡಿದರೆ ಒಂದರ ಹಿಂದೊಂದು ಹಲವು ಸೀರೆಗಳನ್ನು ನೇಯಬಹುದು. ನಮ್ಮಲ್ಲಿ ಪ್ರತಿಯೊಂದು ಸೀರೆಗೂ ಬೇರೆಬೇರೆಯಾಗಿ ಹಾಸು ಸಿದ್ಧಮಾಡಬೇಕು. ಒಡಲಿಗೊಂದು, ದಡಿಗೊಂದು, ಸೆರಗಿಗೊಂದು. ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದು. ಒಡಲಿನ ಎಳೆಗಳಿಗೂ ಸೆರಗಿನ ಎಳೆಗಳಿಗೂ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಬೇಕು.  ಕೆಂಪು ಸೆರಗಿನ ಮೇಲೆ ಬಿಳಿಯ ತೆನೆಗಳಂತೆ ಎದ್ದು ಕಾಣುವ ಸೊಬಗಿಗೆ ತೋಪುತೆನೆ ಎನ್ನುತ್ತಾರೆ. ಈ ಸೀರೆಗೆ ಭೌಗೋಳಿಕ ಸೂಚಕದ ಮನ್ನಣೆಯೂ ಸಿಕ್ಕಿದೆ. ನನ್ನ ಅವ್ವನ ಎಡಗಣ್ಣಿಗೆ ಈಗ ನೀರು ತುಂಬಿಕೊಳ್ಳುವುದು ಆ ಕೊಂಡಿಗಳಿಂದ. ಅವೆಲ್ಲವನ್ನೂ ನಾನು ಮೂವತ್ತು ಅಕ್ಷರಗಳಲ್ಲಿ, ಬೇರೊಬ್ಬರ ಮಾಲಿನ ಮೇಲೆ ಅಂಟಿಸಿಬಿಟ್ಟಿದ್ದೆ.

ಮರುದಿನ ಪರೀಕ್ಷೆಯ ಕಾಗದಪತ್ರಗಳಿಗೆಂದು ಕಾಲೇಜಿಗೆ ಹೋದವಳು, ನಮ್ಮ ಅರ್ಥಶಾಸ್ತ್ರದ ಗುರುಗಳೆದುರು ಎಲ್ಲವನ್ನೂ ಹೇಳಿಕೊಂಡೆ. ಅವರು ಗದರಿಸಲಿಲ್ಲ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯಿದೆಯೊಂದಿದೆ. ಕೈಮಗ್ಗದ ಬಟ್ಟೆ ಕೊಳ್ಳುವವರಿಗೆ ಗುರುತು ಸಿಗಲೆಂದು 2006ರಲ್ಲಿ 'ಹ್ಯಾಂಡ್‌ಲೂಮ್ ಮಾರ್ಕ್' ಎಂಬ ಮುದ್ರೆ ಬಂದಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ದಂಡವಿದೆ, ಅದರ ಅಡಿಯಲ್ಲಿ 2022ರಲ್ಲಿ ಮಾರ್ಗಸೂಚಿಯನ್ನೂ ಹೊರಡಿಸಿದ್ದಾರೆ ಎಂದು ವಿವರಿಸಿದರು. ಕೊನೆಗೆ ಹೇಳಿದರು: "ಕಾಯಿದೆ ಇರುವುದು ಕಲಿಯದವರಿಗೆ. ನಿನಗೆ ನಿಮ್ಮ ತಾಯಿ ಕೇಳಿದ್ದು ಸಾಲದೇನಮ್ಮ?"

ಅಂದು ರಾತ್ರಿ ಮೇಲ್ವಿಚಾರಕಿಯವರಿಗೆ ಪತ್ರ ಬರೆದೆ. ನಾಲ್ಕು ಸಾಲಿನ ಪತ್ರಕ್ಕೆ ಎರಡು ಗಂಟೆ ಹಿಡಿಯಿತು. ಪಟ್ಟಿಯಲ್ಲಿ ಪವರ್‌ಲೂಮ್ ಎಂದಿದೆ, ನಾನು ತಿಳಿದೂ ತಪ್ಪು ಬರೆದೆ, ದಯಮಾಡಿ ಆ ತಲೆಬರಹವನ್ನು ತೆಗೆಯಬೇಕು, ಎಂಬುದಿಷ್ಟೇ ಅದರ ಸಾರ. ಕಳಿಸುವ ಮೊದಲು ಕೈ ನಡುಗಿತು. ಪ್ರಮಾಣಪತ್ರಕ್ಕೆ ಇನ್ನು ಎರಡು ವಾರ ಮಾತ್ರ ಉಳಿದಿತ್ತು. ನಮ್ಮ ತರಗತಿಯಲ್ಲಿ ಇಂಥ ಅವಕಾಶ ದೊರೆತವರು ಬಹಳ ಜನರಿರಲಿಲ್ಲ.

ಬೆಳಿಗ್ಗೆ ಅವರೇ ಕರೆ ಮಾಡಿದರು. ಸಿಟ್ಟಿನಿಂದೇನೂ ಮಾತನಾಡಲಿಲ್ಲ, ಅವರ ದನಿಯಲ್ಲಿ ದಣಿವಿತ್ತು. "ನಾನೂ ಪಟ್ಟಿ ನೋಡಬೇಕಿತ್ತು. ಆದರೆ ಅಂಕಿ ಚೆನ್ನಾಗಿ ಬರುತ್ತಿದೆ, ಈಗ ತೆಗೆದರೆ ವ್ಯಾಪಾರಿ ಒಪ್ಪುವುದಿಲ್ಲವಲ್ಲ" ಎಂದರು. ಅಷ್ಟರಲ್ಲಿ ಅವ್ವ ಮಗ್ಗಕ್ಕೆ ಕುಳಿತಳು. ಲಟಕ್ ಪಟಕ್. "ಪಕ್ಕದ ಮನೆಯ ಕೆಲಸ ಇನ್ನೂ ಮುಗಿದಿಲ್ಲವೆ?" ಎಂದು ಅವರು ಸಹಜವಾಗಿಯೇ ಕೇಳಿದರು.

"ಇಲ್ಲ ಮೇಡಂ. ಅದು ನಮ್ಮ ಮನೆಯದೇ ಸದ್ದು. ನಮ್ಮ ತಾಯಿ ಇಳಕಲ್ ಸೀರೆ ನೇಯುತ್ತಾರೆ, ಕೈಮಗ್ಗದಲ್ಲಿ. ಮೊದಲನೆಯ ದಿನ ನಾನು ಸುಳ್ಳು ಹೇಳಿದ್ದೆ."

ಆ ಕಡೆ ಮೌನ. ಮಗ್ಗದ ಸದ್ದೊಂದೇ ತಂತಿಯಿಲ್ಲದ ದಾರಿಯಲ್ಲಿ ಬೆಂಗಳೂರಿಗೆ ಹೋಗುತ್ತಿತ್ತು. ಕೊನೆಗೆ, "ಒಂದು ದಿನ ಕೊಡಿ" ಎಂದರು.

ಮುಂದೆ ನಡೆದುದನ್ನು ಇದ್ದುದಿದ್ದಂತೆ ಹೇಳುತ್ತೇನೆ. ವ್ಯಾಪಾರಿ ಮೊದಲು ಒಪ್ಪಲಿಲ್ಲ. ದಂಡದ ಮಾತು ಬಂದ ಮೇಲೆ ತಲೆಬರಹದಿಂದ 'ಅಸಲಿ ಕೈಮಗ್ಗ' ಹೋಯಿತು. ಪುಟದ ವಿವರಣೆಯಿಂದಲೂ ಹೋಯಿತು. ನಾನು ಹೊಸದಾಗಿ ಬರೆದೆ: ವಿದ್ಯುತ್ ಮಗ್ಗದ ಸೀರೆ, ಇಳಕಲ್ ಮಾದರಿಯ ಸೆರಗು, ದಿನಬಳಕೆಗೆ ಅನುಕೂಲ, ಕಡಿಮೆ ಬೆಲೆ. ಇವುಗಳಲ್ಲಿ ಒಂದೂ ಸುಳ್ಳಲ್ಲ. ವಿದ್ಯುತ್ ಮಗ್ಗದವರೂ ದುಡಿಯುವವರೇ; ಅವರ ಸೀರೆಗೆ ಅದರದೇ ಹೆಸರಿದೆ, ಅದನ್ನು ಉಡುವವರೂ ಇದ್ದಾರೆ. ಇನ್ನೊಬ್ಬರ ಹೆಸರನ್ನು ಎರವಲು ತರುವ ಅಗತ್ಯ ಅದಕ್ಕಿಲ್ಲ. ಕ್ಲಿಕ್ಕುಗಳು ಕಡಿಮೆಯಾದವು. ಚಪ್ಪಾಳೆಯ ಚಿತ್ರಗಳು ಬರಲಿಲ್ಲ. ಆ ಎರಡು ವಾರಗಳಲ್ಲಿ ನನ್ನ ಮಾತನ್ನು ನಂಬಿ ಸೀರೆ ತರಿಸಿಕೊಂಡವರು ಎಷ್ಟು ಮಂದಿಯೋ, ಅವರಿಗೆ ನಾನು ಏನನ್ನೂ ಹಿಂದಿರುಗಿಸಲಾರೆ. ಇದು ನನ್ನ ಮನಸ್ಸಿನಲ್ಲಿ ಉಳಿದೇ ಇದೆ.

ಪ್ರಮಾಣಪತ್ರ ಬಂದಿತು. 'ಕರ್ತವ್ಯನಿಷ್ಠೆಯಿಂದ ಕೆಲಸ ಮಾಡಿದ್ದಾರೆ' ಎಂಬ ಅಚ್ಚಿನ ಸಾಲು ಎಲ್ಲರ ಪತ್ರದಲ್ಲಿಯೂ ಇರುತ್ತದೆ, ನನ್ನದರಲ್ಲಿಯೂ ಇದೆ. ಅದನ್ನು ಓದುವಾಗ ಸ್ವಲ್ಪ ನಾಚಿಕೆಯೂ ಸ್ವಲ್ಪ ಸಮಾಧಾನವೂ ಒಟ್ಟಿಗೆ ಆಗುತ್ತವೆ.

ಈ ಉಮೇದವಾರಿಯಿಂದ ಏನು ಕಲಿತೆ ಎಂದು ಸಂಪಾದಕ ಮಹಾಶಯರು ಕೇಳಿದ್ದಾರೆ. ಕೀವರ್ಡು, ಲಿಲಾವು, ಅಕ್ಷರಗಳ ಮಿತಿ, ಇವನ್ನು ಕಲಿತೆ. ನನ್ನ ಮಿತ್ರರೂ ಕಲಿಯಲಿ, ಕಲಿಯತಕ್ಕ ವಿದ್ಯೆಯೇ ಅದು. ಊರು ಬಿಡದೆ ದುಡಿಯಬಹುದೆಂಬುದು ನಮ್ಮಂಥ ಹೆಣ್ಣುಮಕ್ಕಳಿಗೆ ಸಣ್ಣ ಲಾಭವಲ್ಲ. ಆದರೆ ದೂರದಿಂದ ಮಾಡುವ ಕೆಲಸದಲ್ಲಿ ಒಂದು ಅಪಾಯವಿದೆ. ಕೊಳ್ಳುವವರ ಮುಖ ಕಾಣುವುದಿಲ್ಲ, ಮಾಡಿದವರ ಕೈ ಕಾಣುವುದಿಲ್ಲ. ಕಾಣುವುದು ಏರುವ ಇಳಿಯುವ ಅಂಕಿ ಮಾತ್ರ. ಸಂತೆಯಲ್ಲಿ ಎದುರಿಗೆ ನಿಂತ ಹೆಂಗಸಿಗೆ ಆ ಸೀರೆಯನ್ನು ಕೈಮಗ್ಗದ್ದೆಂದು ಹೇಳಲು ನನಗೆ ನಾಲಗೆ ಏಳುತ್ತಿರಲಿಲ್ಲ. ಪರದೆಯ ಮೇಲೆ ಬರೆಯಲು ಕೈ ಹಿಂಜರಿಯಲಿಲ್ಲ. ನನ್ನ ಹಿಂದೆಯೇ ಮಗ್ಗವಿದ್ದುದು ನನ್ನ ಪುಣ್ಯ. ಬೆನ್ನ ಹಿಂದೆ ಮಗ್ಗವಿಲ್ಲದವರು ಅದನ್ನು ನೆನಪಿನಲ್ಲಾದರೂ ಇಟ್ಟುಕೊಳ್ಳಬೇಕಾಗುತ್ತದೆ.

ಈಗ ಬಿಡುವಿನಲ್ಲಿ ಅವ್ವನ ಸೀರೆಗಳ ಚಿತ್ರ ತೆಗೆದು ಒಂದು ಪುಟ ಸಿದ್ಧಪಡಿಸುತ್ತಿದ್ದೇನೆ. ತಲೆಬರಹಕ್ಕೆ ಯಾವ ಶಬ್ದವೆಂದು ಅವ್ವನನ್ನೇ ಕೇಳಿದೆ. ಅವಳು ಲಾಳಿ ನಿಲ್ಲಿಸಲಿಲ್ಲ.

"ಏನೈತಿ ಅದನ್ನ ಬರಿ. ಆಮ್ಯಾಲೆ, ಆ ಇರಕಲ್ ಅನ್ನೂದನ್ನ ಮರೀಬ್ಯಾಡ."

— ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿನಿ